ಬೀಗಿತ್ತಿಯ ರಟ್ಟೆ

ನನ್ನ ಮಗಳ ಅತ್ತೆಯ ಎಡಗೈ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಆಡಿರಲಿಲ್ಲ. ಈಗ ಆಡಿದರೆ ಕೆಡುವುದೇನೂ ಇಲ್ಲ. ಆಕೆಗೂ ವಯಸ್ಸಾಗಿದೆ, ನನಗೂ ಆಗಿದೆ. ಹಲ್ಲಿನ ವಿಷಯದಲ್ಲಿ ನಾನೇ ಮುಂದೆ, ಆದರೆ ಹಲ್ಲಿನ ಬಗ್ಗೆ ಹೊಟ್ಟೆಕಿಚ್ಚು ಪಡುವ ಜಾತಿ ಆಕೆಯದಲ್ಲ.

ನಮ್ಮದು ನಂಜನಗೂಡು ತಾಲೂಕು, ಬಿಳಿಗೆರೆ ಕಡೆಯ ಹಳ್ಳಿ. ಮಗಳನ್ನು ಕೊಟ್ಟದ್ದು ತಿ. ನರಸೀಪುರದ ಹತ್ತಿರದ ಸೋಸಲೆಗೆ. ಮದುವೆಯಾದ ವರ್ಷವೇ ನಮ್ಮ ಬೀಗಿತ್ತಿ ಬಟ್ಟೆ ಒಗೆಯಲು ಹೋಗಿ ನಾಲೆಯ ಕಲ್ಲಿನ ಮೇಲೆ ಜಾರಿ ಬಿದ್ದು ಎಡಗೈಯ ರಟ್ಟೆ ಮೂಳೆ ಮುರಿದುಕೊಂಡಳು. ಭುಜಕ್ಕೂ ಮೊಣಕೈಗೂ ನಡುವಿನ ಮೂಳೆ. ಅವತ್ತೇ ಮೈಸೂರಿಗೆ ಕರೆದುಕೊಂಡು ಹೋಗಿ ಕೊಯ್ಯಿಸಿ, ಒಳಗೆ ಪ್ಲೇಟು ಇಟ್ಟು ಸ್ಕ್ರೂ ಹಾಕಿಸಿದರು. ನಾನು ಎಳನೀರು ತೆಗೆದುಕೊಂಡು ನೋಡಲು ಹೋದೆ. ಆಗ ಹೊಟ್ಟೆಕಿಚ್ಚಿರಲಿಲ್ಲ. ಪಾಪ ಅನ್ನಿಸಿತು. ಅದರ ಜೊತೆಗೆ ಒಳಗೊಳಗೇ ಒಂದು ಸಮಾಧಾನವೂ ಆಯಿತು. ಇನ್ನು ಈಕೆಯ ಕೈ ಕೆಲಸಕ್ಕೆ ಬರುವುದಿಲ್ಲ, ಅಡುಗೆಮನೆ ನನ್ನ ಮಗಳ ಕೈಗೆ ಬರುತ್ತದೆ ಎಂದು ಲೆಕ್ಕ ಹಾಕಿದ್ದೆ.

ಎಂಟು ತಿಂಗಳಾದ ಮೇಲೆ ಹಬ್ಬಕ್ಕೆ ಹೋದೆ. ಬೀಗಿತ್ತಿ ಸೂರಿಗೆ ತೂಗುಬಿಟ್ಟ ನೆಲುವಿನಿಂದ ಮೊಸರಿನ ಗಡಿಗೆ ಇಳಿಸುತ್ತಿದ್ದಳು. ನೆಲುವು ಆಕೆಯ ತಲೆಗಿಂತ ಒಂದು ಮೊಳ ಮೇಲಿತ್ತು. ಎಡಗೈ ನೆಟ್ಟಗೆ ಮೇಲೆ ಹೋಯಿತು, ಗಡಿಗೆ ಹಿಡಿಯಿತು, ಒಂದು ಹನಿ ತುಳುಕದೆ ಕೆಳಗೆ ಬಂತು.

"ನೋಡಿ ಬೀಗಿತ್ತೀ," ಎಂದಳು. "ಎಂಟು ಸ್ಕ್ರೂ ಅವೆ ಒಳಗೆ. ಆದ್ರೂ ಎಂಗೆ ಓಯ್ತದೆ ನೋಡಿ ಮ್ಯಾಲಕ್ಕೆ."

"ಪುಣ್ಯ ಬುಡಿ," ಎಂದೆ. ಅವತ್ತಿನ ಒಬ್ಬಟ್ಟು ನನಗೆ ರುಚಿಸಲಿಲ್ಲ.

ಇದಾಗಿ ಎರಡು ವರ್ಷಕ್ಕೆ ಮಗಳು ಮೂರು ತಿಂಗಳ ಬಸುರಿ ಎಂದು ತಿಳಿಯಿತು. ತಿಳಿದ ಮರುವಾರವೇ ನನ್ನ ಕೈ ಮುರಿಯಿತು. ಸುಗ್ಗಿಯ ಕಾಲ. ನಮ್ಮ ಕಡೆ ಹುರುಳಿ ಕಿತ್ತ ಮೇಲೆ ಕಣ ಮಾಡುವ ತಾಪತ್ರಯ ಯಾರಿಗೂ ಬೇಡ. ಟಾರು ರಸ್ತೆಯ ಮೇಲೆ ಹರಡಿಬಿಡುತ್ತೇವೆ, ಬಸ್ಸು ಲಾರಿಗಳು ಅದರ ಮೇಲೆ ಓಡಾಡಿ ಕಾಳು ಬಿಡಿಸಿಕೊಡುತ್ತವೆ. ನಾನು ಯಜಮಾನರ ಮೊಪೆಡ್ಡಿನ ಹಿಂದೆ ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತಿದ್ದೆ. ತೊಡೆಯ ಮೇಲೆ ಬಾಳೆ ಎಲೆಯ ಕಟ್ಟು. ಹುರುಳಿಯ ಮೇಲೆ ಚಕ್ರ ಜಾರಿದಾಗ ಕಟ್ಟು ಬಿಟ್ಟು ಸೀಟು ಹಿಡಿಯಬೇಕಿತ್ತು. ನಾನು ಕಟ್ಟನ್ನೇ ತಬ್ಬಿಕೊಂಡೆ. ಎಲೆ ಒಂದೂ ಹರಿಯಲಿಲ್ಲ. ಎಡಗೈಯ ರಟ್ಟೆ ಎರಡಾಯಿತು. ಆ ಹುರುಳಿ ಬೇರೆ ಯಾರದಾದರೂ ಆಗಿದ್ದರೆ ಬಾಯಿ ತುಂಬ ಬೈಯಬಹುದಿತ್ತು. ಬೆಳಿಗ್ಗೆ ಅದನ್ನು ಅಲ್ಲಿ ಹರಡಿದವಳು ನಾನೇ.

ಮಾರನೇ ದಿನವೇ ಬೀಗಿತ್ತಿ ಬಂದಳು. ನನ್ನ ಕೈಯನ್ನು ಒಮ್ಮೆ ನೋಡಿ, ಎಲ್ಲ ತಿಳಿದವಳ ಹಾಗೆ ಹೇಳಿದಳು. "ಇದು ನಂದೇ ಮುರಿತ. ತಡ ಮಾಡ್ಬೇಡಿ, ಇವತ್ತೇ ಮೈಸೂರಿಗೆ ಓಗಿ. ನನ್ ಡಾಕ್ಟ್ರೇ ಅವ್ರೆ ಅಲ್ಲಿ."

ನನ್ನ ಮುರಿತ, ನನ್ನ ಡಾಕ್ಟ್ರು. ಮುರಿದುಕೊಳ್ಳುವುದರಲ್ಲೂ ಆಕೆಯೇ ಮೊದಲು. ಆಕೆ ಹೇಳಿದ ಕಡೆ ಹೋಗಲು ನನ್ನ ಮನಸ್ಸು ಒಪ್ಪಲಿಲ್ಲ. ಪಕ್ಕದೂರಿನಲ್ಲಿ ನಾಟಿ ಕಟ್ಟು ಹಾಕುವವನ ಹತ್ತಿರ ಹೋದೆ. ಮೊಟ್ಟೆಯ ಲೋಳೆಗೆ ಉದ್ದಿನ ಹಿಟ್ಟು ಕಲಸಿ ಬಳಿದು, ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಅವನದು ತಪ್ಪಿಲ್ಲ, "ಇದು ನನ್ ಕೈಲಿ ಆಗದಲ್ಲ ಕಣವ್ವ" ಎಂದು ಅವನು ಮೊದಲೇ ಹೇಳಿದ್ದ. ಕಟ್ಟಲೇಬೇಕು ಎಂದು ನಾನೇ ಹಟ ಹಿಡಿದೆ. ಹನ್ನೆರಡು ದಿನಕ್ಕೆ ಕಟ್ಟು ಬಿಚ್ಚಿದರೆ ಮೊಣಕೈ ಇಲ್ಲದ ಜಾಗದಲ್ಲಿ ಇನ್ನೊಂದು ಮೊಣಕೈ ಇದ್ದ ಹಾಗೆ ಕೈ ಬಾಗುತ್ತಿತ್ತು. ಕೊನೆಗೆ ಅದೇ ಮೈಸೂರು, ಅದೇ ಆಸ್ಪತ್ರೆ, ಅದೇ ಡಾಕ್ಟರು. ಆಕೆಗೆ ಎಂಟು ಸ್ಕ್ರೂ ಹಾಕಿದ್ದರು, ನನಗೆ ಏಳು ಹಾಕಿದರು. ಎಕ್ಸ್‌ರೇ ಹಿಡಿದು ಮೂರು ಸಲ ಎಣಿಸಿದೆ. ಏಳೇ.

ಆಪರೇಷನ್ನಾದ ಮೂರನೇ ದಿನ ಬೀಗಿತ್ತಿ ಆಸ್ಪತ್ರೆಗೆ ಬಂದು ಮಂಚದ ಅಂಚಿನಲ್ಲಿ ಕೂತಳು. ತನ್ನ ಎಡಗೈಯಿಂದಲೇ ನನ್ನ ದಿಂಬು ಸರಿಮಾಡಿದಳು.

"ಬಾಣಂತನದ ಯೋಚ್ನೆ ಬುಟ್ಬುಡಿ," ಎಂದಳು. "ಈ ಕೈಲಿ ನೀವು ಮಗೀಗೆ ನೀರಾಕಕ್ಕಾದದಾ? ಸೋಸ್ಲೇಲೇ ಮಾಡ್ಕತೀವಿ. ನೀವು ಸುಮ್ನೆ ರೆಸ್ಟ್ ತಕಳಿ."

ಅಲ್ಲಿಗೆ ನನ್ನ ಎದೆಯಲ್ಲಿ ಬೆಂಕಿ ಹತ್ತಿತು. ಚೊಚ್ಚಲು ಬಾಣಂತನ ತವರುಮನೆಯದು. ಮೊದಲ ಮಗುವಿಗೆ ನೀರು ಹಾಕುವುದು ತಾಯಿಯ ತಾಯಿ. ಮಣೆಯ ಮೇಲೆ ಕೂತು ಎರಡೂ ಕಾಲು ಚಾಚಿ, ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು, ಹರಳೆಣ್ಣೆ ತೀಡಿ, ಬಲಗೈಯಲ್ಲಿ ಬಿಸಿನೀರು ಹುಯ್ಯಬೇಕು. ಎಡಗೈ ಮಗುವಿನ ಎದೆಯ ಕೆಳಗೆ ಹೋಗಬೇಕು, ಕುತ್ತಿಗೆ ಹಿಡಿಯಬೇಕು, ಕವುಚಿ ಹಾಕಬೇಕು, ಜಾರುವ ಮೈಯನ್ನು ಹಾಗೇ ಎತ್ತಬೇಕು. ನನ್ನ ಅವ್ವ ನನ್ನ ಮಕ್ಕಳಿಗೆ ಹಾಗೆ ಹಾಕಿದ್ದಳು. ಈಗ ನನ್ನ ಸರದಿ. ಅದನ್ನು ಈ ಎಂಟು ಸ್ಕ್ರೂ ಹೆಂಗಸು ಎತ್ತಿಕೊಂಡು ಹೋಗುತ್ತೇನೆ ಎನ್ನುತ್ತಿದ್ದಾಳೆ.

ಹೆರಿಗೆಗೆ ಇನ್ನೂ ಐದೂವರೆ ತಿಂಗಳಿತ್ತು. ಅಷ್ಟರಲ್ಲಿ ಕೈ ಸರಿಯಾಗಬೇಕು, ನನಗೆ ಬೇರೆ ಏನೂ ಬೇಕಿರಲಿಲ್ಲ.

ಡಾಕ್ಟರು ಮನೆಗೆ ಕಳಿಸುವಾಗ ನಾಳೆಯಿಂದಲೇ ಮೊಣಕೈ ಮಡಿಸಿ ಬಿಡಿಸಿ ಎಂದಿದ್ದರು. ನಾನು ತಲೆ ಆಡಿಸಿ ಬಂದೆ, ಮಾಡಲಿಲ್ಲ. ನೋವಿತ್ತು, ಅದು ಹೌದು. ಆದರೆ ನೋವಿಗೆ ಹೆದರುವವಳು ನಾನಲ್ಲ. ನನ್ನ ಬುದ್ಧಿ ಬೇರೆ ಹೇಳಿತ್ತು. ಬಿತ್ತನೆಯ ಕಾಳನ್ನು ಯಾರಾದರೂ ನಡುವೆ ತೆಗೆದು ಉಣ್ಣುತ್ತಾರೆಯೇ? ಕೈಯಲ್ಲಿ ಇರುವಷ್ಟು ಬಲವನ್ನು ಖರ್ಚು ಮಾಡದೆ ಮಗುವಿಗೆ ಎಂದು ಎತ್ತಿಡೋಣ ಅಂದುಕೊಂಡೆ. ಕೊರಳಿಗೆ ಬಟ್ಟೆ ಕಟ್ಟಿ ಕೈಯನ್ನು ಅದರಲ್ಲಿ ಮಲಗಿಸಿದೆ. ಸ್ನಾನಕ್ಕೆ ಮಾತ್ರ ಬಿಚ್ಚುತ್ತಿದ್ದೆ. ಬೀದಿಯ ಹೆಂಗಸರೂ ಭೇಷ್ ಎಂದರು. "ಅಲ್ಲಾಡಿಸ್ಬೇಡಕ್ಕ, ಒಳಗಿರೋ ಕಬ್ಣ ಕಳಚ್ಕಂಡ್ರೆ ಏನ್ ಮಾಡೀಯೆ" ಎಂದು ಎಲ್ಲರೂ ಹೇಳಿದರು. ಎರಡು ತಿಂಗಳು ಹೀಗೆ ಕೂಡಿಟ್ಟೆ.

ಎರಡು ತಿಂಗಳಿಗೆ ಡಾಕ್ಟರಿಗೆ ತೋರಿಸಿದರೆ ಮೂಳೆ ಚೆನ್ನಾಗಿ ಕೂಡುತ್ತಿತ್ತು. ಆದರೆ ಕೈ ಕೊರಡಾಗಿತ್ತು. ಮೊಣಕೈ ಅರ್ಧಕ್ಕೆ ನಿಲ್ಲುತ್ತಿತ್ತು, ಎತ್ತಿದರೆ ಕೈ ಎದೆಯ ಮಟ್ಟವನ್ನೂ ದಾಟುತ್ತಿರಲಿಲ್ಲ.

"ಯಾರಮ್ಮ ನಿಮಗೆ ಕಟ್ಟಿಕೊಂಡಿರಿ ಅಂತ ಹೇಳಿದ್ದು?" ಎಂದರು ಡಾಕ್ಟರು. "ಮೂಳೆ ಸೇರಿಸೋದು ನನ್ನ ಕೆಲಸ, ಕೈ ಎತ್ತಿಸೋದು ನಿಮ್ಮ ಕೆಲಸ."

ನಂಜನಗೂಡಿನಲ್ಲಿ ವಾರಕ್ಕೆರಡು ದಿನ ವ್ಯಾಯಾಮ ಹೇಳಿಕೊಡಲು ಒಬ್ಬಳು ಹುಡುಗಿ ಬರುತ್ತಿದ್ದಳು. ಅವಳ ಹತ್ತಿರ ಕಳಿಸಿದರು. ನನ್ನ ಮಗಳಿಗಿಂತ ಚಿಕ್ಕವಳು, ಕೈ ಹಿಡಿದರೆ ಮಾತ್ರ ಇಕ್ಕಳ. ಗೋಡೆಯ ಎದುರು ನಿಲ್ಲಿಸಿ, ಬೆರಳುಗಳನ್ನು ಇರುವೆಯ ಹಾಗೆ ಗೋಡೆಯ ಮೇಲೆ ಹತ್ತಿಸಲು ಹೇಳಿದಳು. ಎಲ್ಲಿಗೆ ನಿಲ್ಲುತ್ತದೋ ಅಲ್ಲಿ ಗೆರೆ ಎಳೆಯಬೇಕು. ನಾಳೆ ಆ ಗೆರೆಯನ್ನು ದಾಟಬೇಕು.

ಮನೆಯ ಪಡಸಾಲೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದೆ. ಅದರ ಮೇಲೆ, ನನ್ನ ತಲೆಗಿಂತ ಒಂದು ಮೊಳ ಮೇಲೆ, ಇನ್ನೊಂದು ದಪ್ಪ ಗೆರೆ ಎಳೆದೆ. ಅದು ಬೀಗಿತ್ತಿಯ ಗೆರೆ. ಯಜಮಾನರು ಇದೇನು ಎಂದು ಕೇಳಿದರು. "ಡಾಕ್ಟ್ರು ಹೇಳವ್ರೆ" ಎಂದೆ.

ಒಂದು ತಿಂಗಳಲ್ಲಿ ನನ್ನ ಗೆರೆ ಸರಸರನೆ ಮೇಲೇರಿತು. ಬೀಗಿತ್ತಿಯ ಗೆರೆಗೆ ನಾಲ್ಕೇ ಬೆರಳು ಬಾಕಿ. ನನಗೆ ಹಿಗ್ಗೋ ಹಿಗ್ಗು. ಒಂದು ಮಂಗಳವಾರ ನಂಜನಗೂಡಿಗೆ ಹೋಗಿ ಆ ಹುಡುಗಿಯ ಮುಂದೆ ಬೆರಳು ಹತ್ತಿಸಿ ತೋರಿಸಿದೆ. ಅವಳು ಹೊಗಳಲಿಲ್ಲ. ನನ್ನ ಹಿಂದೆ ಬಂದು ನಿಂತು, ಎಡಹೆಗಲನ್ನು ಅಂಗೈಯಿಂದ ಕೆಳಕ್ಕೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ನನ್ನ ಸೊಂಟವನ್ನು ನೆಟ್ಟಗೆ ಮಾಡಿ, "ಈಗ ಹತ್ತಿಸಿ ಅಮ್ಮ" ಎಂದಳು. ಬೆರಳುಗಳು ನನ್ನ ಗಲ್ಲದ ಹತ್ತಿರ ಬಂದು ನಿಂತವು. ಮುಂದೆ ಹೋಗಲಿಲ್ಲ.

"ನೀವು ಕೈ ಎತ್ತುತ್ತಾ ಇಲ್ಲ. ಹೆಗಲು ಎತ್ತುತ್ತಾ ಇದ್ದೀರಿ, ಸೊಂಟ ಬಗ್ಗಿಸ್ತಾ ಇದ್ದೀರಿ. ಹಿಮ್ಮಡಿ ಕೂಡ ಎತ್ತಿದ್ದೀರಿ."

ಅದು ನನಗೆ ಗೊತ್ತಿಲ್ಲದೇ ಇರಲಿಲ್ಲ. ಹಿಮ್ಮಡಿಯ ವಿಷಯವಂತೂ ಚೆನ್ನಾಗಿ ಗೊತ್ತಿತ್ತು. ಮನೆಗೆ ಬಂದು ಗೆರೆಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮಸಿ ಹರಡಿ ಗೋಡೆ ಇನ್ನಷ್ಟು ಕೆಟ್ಟಿತು.

ಏಳನೇ ತಿಂಗಳಿಗೆ ಮಗಳನ್ನು ಕರೆತಂದು ಬಳೆ ತೊಡಿಸಬೇಕು, ಆಮೇಲೆ ಹೆರಿಗೆ ಬಾಣಂತನ ಎಲ್ಲ ತವರಿನಲ್ಲಿ. ಮಗಳನ್ನು ಕರೆಸಿದೆವು, ಬೀಗಿತ್ತಿಯೂ ಜೊತೆಯಲ್ಲಿ ಬಂದಳು. ಹೊಟ್ಟೆ ಹೊತ್ತ ಮಗಳು ಒಳಗೆ ಬಂದವಳೇ ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು.

"ಎತ್ತು ನೋಡನ ಅವ್ವ."

ಎತ್ತಿದೆ. ಗಲ್ಲದವರೆಗೆ.

"ಅವ್ವ, ಬೇಜಾರ್ ಮಾಡ್ಕಬೇಡ. ಈ ಕೈಗೆ ನನ್ ಮಗೀನ ಕೊಡಕ್ಕೆ ನಂಗೆ ಭಯ ಕಣವ್ವ. ನಾನು ಸೋಸ್ಲೇಲೇ ಇರ್ತೀನಿ."

ನಾನು ಹೆತ್ತವಳು ಹೀಗೆ ಅಂದಳು. ಬೀಗಿತ್ತಿ ಎಡಗೈ ಚಾಚಿ ಎಲೆ ಅಡಿಕೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡಳು. ಅದನ್ನು ನೋಡಿ ನನಗೆ ಇನ್ನೂ ಉರಿಯಿತು.

ಬಳೆಯ ಶಾಸ್ತ್ರ ಮುಗಿದು, ಬಂದ ಹೆಂಗಸರೆಲ್ಲ ಊಟಕ್ಕೆ ಕೂತಿದ್ದರು. ನಾನು ಬಚ್ಚಲಿಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡೆ. ಹಿತ್ತಲಲ್ಲಿ ಬಿಟ್ಟಿದ್ದ ಸೋರೆಕಾಯಿಯಲ್ಲಿ ಒಂದು ದಪ್ಪನೆಯದನ್ನು ಕಿತ್ತು ಮೊದಲೇ ಅಲ್ಲಿ ಇಟ್ಟಿದ್ದೆ. ತೂಕ ಹೆಚ್ಚೂ ಕಡಿಮೆ ಹುಟ್ಟಿದ ಮಗುವಿನಷ್ಟೇ. ಹದಿನೈದು ದಿನದಿಂದ ನಾನು ಇದನ್ನೇ ಮಾಡುತ್ತಿದ್ದೆ. ಮಣೆಯ ಮೇಲೆ ಕೂತು, ಸೀರೆ ಮೇಲೆ ಸರಿಸಿ ಕಾಲು ಚಾಚಿ, ಸೋರೆಕಾಯಿಗೆ ಹರಳೆಣ್ಣೆ ತೀಡಿ ಕಾಲಿನ ಮೇಲೆ ಮಲಗಿಸಿದೆ. ನೀರು ಹುಯ್ದೆ. ಎಡಗೈ ಕೆಳಗೆ ಹಾಕಿ ಕವುಚಿದೆ. ಜಾರಿ ಹೋಗಿ ಹಂಡೆಯ ಒಲೆಗೆ ಬಡಿಯಿತು. ತೊಟ್ಟು ಮುರಿಯಿತು. ಅಷ್ಟರಲ್ಲಿ ಬಾಗಿಲು ತೆರೆದುಕೊಂಡಿತು.

"ಏನ್ ಬೀಗಿತ್ತೀ," ಎಂದಳು ಸೋಸಲೆಯವಳು, ಬಾಗಿಲಲ್ಲಿ ಕೈ ತೊಳೆಯಲು ಚೊಂಬು ಹಿಡಿದು ನಿಂತು. "ಸೋರೆಕಾಯ್ಗೆ ಬಾಣಂತನ ಮಾಡ್ತಾ ಇದ್ದೀರಾ?"

ನೆಲ ಬಿರಿಯಲಿ ಅನ್ನಿಸಿತು. ಬಿರಿಯಲಿಲ್ಲ. "ಸಾಂಬಾರ್ಗೆ ತೊಳೀತಿದ್ದೆ," ಎಂದೆ.

"ಹರಳೆಣ್ಣೆ ಆಕಿ ತೊಳೀತೀರಾ ನಿಮ್ಮೂರಲ್ಲಿ?"

ಆಕೆ ನಗಲಿಲ್ಲ. ಒಳಗೆ ಬಂದು ಬಾಗಿಲು ಹಾಕಿದಳು. ಸೋರೆಕಾಯಿ ಎತ್ತಿ, ನನ್ನ ಎದುರಿಗೆ ತಾನೂ ಕಾಲು ಚಾಚಿ ಕೂತು, ಎಡಗೈಯಿಂದ ಒಂದು ಸಲ ಕವುಚಿ ಒಂದು ಸಲ ಅಂಗಾತ ಮಾಡಿ ತೋರಿಸಿದಳು. ದೋಸೆ ಮಗುಚಿದ ಹಾಗೆ. ನಾನು ಆ ರಟ್ಟೆಯನ್ನು ಕಣ್ಣಲ್ಲೇ ತಿಂದೆ. ಗಾಯದ ಗುರುತು ಮೇಲಿಂದ ಕೆಳಗೆ ಬೆಳ್ಳಗೆ ಓಡಿತ್ತು. ಅಷ್ಟು ಬಿಟ್ಟರೆ ಅದು ಮುರಿದ ಕೈ ಎಂದು ಯಾರೂ ಹೇಳುವ ಹಾಗಿರಲಿಲ್ಲ.

"ನೀವು ಏನ್ ಮಾಡಿದ್ರಿ ಇದಕ್ಕೆ?" ಎಂದು ಕೇಳಿದೆ. ಎರಡು ವರ್ಷದಿಂದ ಕೇಳಬೇಕೆಂದಿದ್ದ ಮಾತು ಆಗ ಬಾಯಿಗೆ ಬಂತು.

"ಮಜ್ಜಿಗೆ ಕಡುದ್ನಪ್ಪ. ಇನ್ನೇನ್ ಮಾಡ್ಲಿ? ಕಡಗೋಲಿನ ಅಗ್ಗ ಇಡ್ಕಂಡು ಒಂದ್ ಕೈ ಎಳದ್ರೆ ಇನ್ನೊಂದು ಮುಂದಕ್ಕೋಯ್ತದೆ. ಒಳ್ಳೇ ಕೈಯೇ ಕೆಟ್ಟ ಕೈನ ಎಳ್ಕಂಡೋಯ್ತದೆ. ಬೆಳಿಗ್ಗೆ ಸಂದೆ ಕಡುದೆ. ಮೊದಮೊದ್ಲು ಅಳ್ತಾ ಕಡುದೆ. ನಿಮಗೂ ಏಳ್ದೆ, ಆಸ್ಪತ್ರೇಲಿ. ನೀವು ಗೋಡೆ ಕಡೆ ತಿರಿಕ್ಕಂಡ್ರಿ."

ಹೇಳಿದ್ದಳು. ನಾನು ತಿರುಗಿಕೊಂಡಿದ್ದೂ ನಿಜ.

ಆಮೇಲೆ ಆಕೆ ಒಂದು ಮಾತು ಹೇಳಿದಳು. "ಮಗು ಇಲ್ಲೇ ಉಟ್ಲಿ. ಚೊಚ್ಚಲು ನಿಮ್ ಮನೇದೇ. ನಾನೇ ಇಲ್ಲಿಗೆ ಬಂದು ನೀರಾಕ್ತೀನಿ, ನಿಮ್ ಕೈ ಬರೋಗಂಟ."

ಹುಡುಗಿಯ ತವರಿಗೆ ಬಂದು ಅವಳ ಅತ್ತೆ ಬಾಣಂತನ ಮಾಡುವುದನ್ನು ನಮ್ಮ ಕಡೆ ನಾನು ಕಂಡಿಲ್ಲ, ಕೇಳಿಲ್ಲ. ಬೀಗರ ಮನೆಯಲ್ಲಿ ಎರಡು ದಿನ ಉಳಿದರೇ ಜನ ಎಣಿಸುತ್ತಾರೆ.

"ಜನ ಏನಂದಾರು?"

"ನಿಮ್ಮೂರ ಜನ ತಾನೆ. ಅಂದ್ರೆ ನಿಮಗಂತಾರೆ, ನಂಗೇನು."

ನಾನು ಎರಡು ದಿನ ಯೋಚಿಸಿದೆ. ಮಗಳನ್ನು ಸೋಸಲೆಗೆ ಕಳಿಸಿದರೆ ಮರ್ಯಾದೆ ಉಳಿಯುತ್ತದೆ, ಕೈ ಮುರಿದಿದೆ ಎಂಬ ನೆಪವೂ ಇದೆ, ಆದರೆ ಮಗು ಅಲ್ಲಿರುತ್ತದೆ. ಇವಳನ್ನು ಇಲ್ಲಿ ಇಟ್ಟುಕೊಂಡರೆ ಮಗು ಇಲ್ಲಿರುತ್ತದೆ, ಆದರೆ ಇವಳ ಕೈಯಲ್ಲಿರುತ್ತದೆ. ಮರ್ಯಾದೆ ಹೋದರೆ ಹೋಗಲಿ ಎಂದುಕೊಂಡೆ. ಅತ್ತೆಯೇ ಬಂದು ನೀರು ಹಾಕುತ್ತಾಳೆ ಎಂದ ಮೇಲೆ ಮಗಳೂ ಇಲ್ಲೇ ಉಳಿದಳು. ಮುಂದಿನ ಸೋಮವಾರದಿಂದ ದನದ ಕೊಟ್ಟಿಗೆಯ ಕಂಬಕ್ಕೆ ಹಗ್ಗ ಕಟ್ಟಿ ಮಜ್ಜಿಗೆ ಕಡೆಯಲು ಶುರು ಮಾಡಿದೆ. ಯಾರಿಗೂ ಹೇಳಲಿಲ್ಲ. ಮೊಸರಿಲ್ಲದ ದಿನ ಬರೀ ನೀರನ್ನು ಕಡೆದೆ.

ಹೆರಿಗೆ ನಂಜನಗೂಡಿನ ಆಸ್ಪತ್ರೆಯಲ್ಲಿ ಆಯಿತು. ಹೆಣ್ಣು ಮಗು. ಮೂರನೇ ದಿನ ಮನೆಗೆ ಕರೆತಂದೆವು. ಬೀಗಿತ್ತಿ ಎರಡು ಸೀರೆ ಒಂದು ಚೀಲದಲ್ಲಿ ತುಂಬಿಕೊಂಡು ಬಂದಿಳಿದಳು. ಎದುರು ಮನೆಯವಳು ಜಗಲಿಯಿಂದಲೇ ಕೇಳಿದಳು. "ಏನಕ್ಕಾ, ಬಾಣಂತೀನ ಕರ್ಕಬಂದ್ರೋ, ಬೀಗಿತ್ತೀನ ಕರ್ಕಬಂದ್ರೋ?"

"ಇಬ್ರನ್ನೂವೆ. ನೀನೂ ಬಾ, ಜಾಗ ಅದೆ," ಎಂದೆ.

ಮೊದಲ ದಿನ ಬೀಗಿತ್ತಿ ಮಣೆಯ ಮೇಲೆ ಕೂತಳು. ನಾನು ಬಲಗೈಯಲ್ಲಿ ಚೊಂಬು ಹಿಡಿದು ಪಕ್ಕದಲ್ಲಿ ನಿಂತೆ. ನನ್ನ ಮನೆಯ ಬಚ್ಚಲು, ನನ್ನ ಹಂಡೆ, ನನ್ನ ಮಗಳ ಮಗು, ನಾನು ಬರೀ ನೀರು ಹುಯ್ಯುವವಳು. ಎಣ್ಣೆ ತೀಡುವಾಗ ಮಗು ಕಿಟಾರನೆ ಕಿರುಚಿತು. ಆಕೆಯ ಎಡಗೈ ಅದರ ಎದೆಯ ಕೆಳಗೆ ಹೋದದ್ದೇ ತಡ, ಬಾಯಿ ಮುಚ್ಚಿತು. ಕವುಚಿ ಬೆನ್ನಿಗೆ ನೀರು ಹುಯ್ಯುವಾಗ ಆಕಳಿಸಿತು. ಆಕಳಿಸಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನೀರು ಸ್ವಲ್ಪ ಬಿಸಿಯಾಗಿಯೇ ಇರಲಿ, ಒಂದು ಸಲ ಈಕೆಯ ಕೈಯಲ್ಲೂ ಅಳಲಿ ಎಂದು ಒಂದು ಕ್ಷಣ ಮನಸ್ಸಿಗೆ ಬಂತು. ಹಾಗೆ ಮಾಡಲಿಲ್ಲ. ಬಂದದ್ದು ಮಾತ್ರ ಸುಳ್ಳಲ್ಲ.

ಆಕೆ ಹತ್ತೊಂಬತ್ತು ದಿನ ಇದ್ದಳು. ಹತ್ತೊಂಬತ್ತು ದಿನವೂ ನಾನು ಆ ಕೈಯಲ್ಲಿ ಒಂದು ಕುಂದು ಹುಡುಕಿದೆ. ರವಿಕೆಯ ಗುಂಡಿ ಹಾಕಿಕೊಳ್ಳುವಾಗ ನೋಡಿದೆ, ತುರುಬು ಕಟ್ಟುವಾಗ ನೋಡಿದೆ, ಮಳೆ ಹಿಡಿದ ಬೆಳಿಗ್ಗೆ ನೋವೆನ್ನುತ್ತಾಳೇನೋ ಎಂದು ಕಾದೆ. ಒಂದೂ ಸಿಗಲಿಲ್ಲ. ನನ್ನ ತಲೆಯನ್ನೂ ಅದೇ ಕೈಯಲ್ಲಿ ಬಾಚಿ ತುರುಬು ಕಟ್ಟಿದಳು, ಏಕೆಂದರೆ ನನ್ನ ಕೈ ಹಿಂದಲೆಗೆ ಎಟುಕುತ್ತಿರಲಿಲ್ಲ. ಬಿಗಿಯಾಗಿ ಚೆನ್ನಾಗಿಯೇ ಕಟ್ಟುತ್ತಿದ್ದಳು. ಅದಕ್ಕೂ ಉರಿದುಕೊಂಡೆ.

ನಾಲೆಗೆ ನೀರು ಬಿಟ್ಟರು, ನಾಟಿಗೆ ಆಳುಗಳನ್ನು ಕರೆಯಬೇಕು, ಬಾ ಎಂದು ಸೋಸಲೆಯಿಂದ ಹೇಳಿಕಳಿಸಿದರು. ಹೊರಡುವ ಬೆಳಿಗ್ಗೆ ಆಕೆ ಮಣೆಯ ಮೇಲೆ ಕೂರಲಿಲ್ಲ. ಚೊಂಬನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಇವತ್ತು ನೀವು ಕುಂತ್ಕಳಿ."

"ನನ್ ಕೈ ಇನ್ನೂ ಪೂರ್ತಿ..."

"ಕೊಟ್ಗೇಲಿ ಬರೀ ನೀರ್ ಕಡಿಯೋದು ನಂಗೆ ಕೇಳಿಸ್ನಿಲ್ವಾ ಬೀಗಿತ್ತೀ? ಕುಂತ್ಕಳಿ. ಮೊಣಕೈನ ಪಕ್ಕೆಗೆ ಒತ್ತಿ ಇಡ್ಕಳಿ, ರಟ್ಟೆ ಮ್ಯಾಲೆ ಭಾರ ಬುಡಬ್ಯಾಡಿ."

ಕೂತೆ. ಮಗು ಕಾಲಿನ ಮೇಲೆ ಬಂದದ್ದೇ ಕಿರುಚಲು ಶುರು ಮಾಡಿತು. ಎಡಗೈ ಕೆಳಗೆ ಹಾಕಿದೆ. ಆಕೆ ಹೇಳಿದ ಹಾಗೆ ಮೊಣಕೈಯನ್ನು ಪಕ್ಕೆಗೆ ಒತ್ತಿದೆ. ಕವುಚಿದೆ, ಜಾರಲಿಲ್ಲ. ಅಂಗಾತ ಮಾಡಿದೆ, ಜಾರಲಿಲ್ಲ. ಎತ್ತಿದೆ. ಮುಗಿದ ಮೇಲೆ ತಲೆ ಎತ್ತಿ ನೋಡಿದರೆ ನನ್ನ ಮಗಳು, ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಯನ್ನು ನನ್ನ ಕೈಯ ಕೆಳಗೆ ಬೊಗಸೆ ಚಾಚಿದ್ದಳು. ಬಿದ್ದರೆ ಹಿಡಿಯಲಿಕ್ಕೆ. ಅತ್ತೆ ನೀರು ಹಾಕುವಾಗ ಒಂದು ದಿನವೂ ಅವಳು ಮಂಚ ಬಿಟ್ಟು ಎದ್ದು ಬಂದಿರಲಿಲ್ಲ.

ಅಲ್ಲಿಂದ ದಿನಾ ನಾನೇ ನೀರು ಹಾಕಿದೆ. ಮಗು ದಿನಾ ಅತ್ತಿತು. ಮಗಳು ದಿನಾ ಕೈ ಚಾಚಿದಳು. ಎರಡು ತಿಂಗಳ ಮೇಲೆ ಒಂದು ದಿನ ಅವಳು ಕೈ ಚಾಚುವುದನ್ನು ಮರೆತು ಸೀಗೆಪುಡಿ ಡಬ್ಬ ಹುಡುಕಲು ಎದ್ದು ಹೋದಳು. ಅವತ್ತು ನನಗೆ ಊಟ ಸೇರಿತು. ಮಗುವೇನೋ ಅವತ್ತೂ ಅತ್ತಿತು.

ಐದು ತಿಂಗಳಿಗೆ ತಾಯಿ ಮಗುವನ್ನು ಸೋಸಲೆಗೆ ಕಳಿಸಬೇಕು. ಬೀಗಿತ್ತಿ ಕರೆದೊಯ್ಯಲು ಬಂದಳು. ನಂಜನಗೂಡಿನಲ್ಲಿ ದೇವರಿಗೆ ಮಗುವನ್ನು ತೋರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಂದೆವು. ತಿ. ನರಸೀಪುರದ ಬಸ್ಸು ಬಂತು, ಸೋಮವಾರದ ಜನ ಬಾಗಿಲಿಗೆ ಮುತ್ತಿತು. ಬೀಗಿತ್ತಿ ಮೊದಲು ನುಗ್ಗಿ ಕಿಟಕಿ ಪಕ್ಕದ ಸೀಟು ಹಿಡಿದಳು, ಅವಳ ಹಿಂದೆ ಮಗಳು ಹತ್ತಿದಳು. ಆ ನೂಕುನುಗ್ಗಲಲ್ಲಿ ಮಗುವನ್ನು ಹೊತ್ತು ಹತ್ತುವ ಹಾಗಿರಲಿಲ್ಲ. ಬೀಗಿತ್ತಿ ಕಿಟಕಿಯಿಂದ ಎರಡೂ ಕೈ ಹೊರಗೆ ಚಾಚಿ, "ಕೊಡಿ ಬೀಗಿತ್ತೀ, ಬಸ್ಸು ಒಂಟೋಯ್ತದೆ," ಎಂದಳು.

ಬಲಗಡೆ ಯಾರದೋ ಮೂಟೆ ನನ್ನ ತೋಳಿಗೆ ಒತ್ತಿಕೊಂಡಿತ್ತು, ಬಲಗೈ ಹೆಗಲ ಮಟ್ಟಕ್ಕಿಂತ ಮೇಲೆ ಹೋಗುವ ಹಾಗಿರಲಿಲ್ಲ. ಮಗುವನ್ನು ಎಡಗೈಯ ಮೇಲೆ ಕೂರಿಸಿ, ಬಲಗೈ ಬೆರಳಿನಲ್ಲಿ ಅದರ ಕಾಲು ಮಾತ್ರ ಹಿಡಿದು, ಮೇಲಕ್ಕೆ ಎತ್ತಿದೆ. ಕಿಟಕಿ ನನ್ನ ತಲೆಗಿಂತ ಮೇಲಿತ್ತು. ಕೈ ಹೋಯಿತು. ಬೀಗಿತ್ತಿ ಮಗುವನ್ನು ಒಳಗೆ ಎಳೆದುಕೊಂಡು ಮಡಿಲಲ್ಲಿ ಕೂರಿಸಿಕೊಂಡಳು, ಮಗು ಸುಮ್ಮನಾಯಿತು. ಬಸ್ಸು ಹೊರಟಿತು.

ಬಸ್ಸು ತಿರುವು ದಾಟಿದ ಮೇಲೂ ನನ್ನ ಕೈ ಮೇಲೆಯೇ ಇತ್ತು. ನೆಟ್ಟಗೆ, ಹೆಗಲು ಏರದೆ, ಹಿಮ್ಮಡಿ ನೆಲದ ಮೇಲೆಯೇ ಇಟ್ಟುಕೊಂಡು. ಆ ವ್ಯಾಯಾಮದ ಹುಡುಗಿ ನೋಡಿದ್ದರೆ ಒಪ್ಪುತ್ತಿದ್ದಳು. ಚೀಲಗಳನ್ನು ಬಸ್ಸಿಗೆ ಹಾಕಿ ಬಂದಿದ್ದ ಯಜಮಾನರು, "ಟಾಟಾ ಮಾಡಿದ್ದು ಸಾಕು, ಬಸ್ಸು ಓಯ್ತು," ಎಂದರು. ಟಾಟಾ ಮಾಡುತ್ತಿರಲಿಲ್ಲ ಎಂದು ಅವರಿಗೆ ಹೇಳಲಿಲ್ಲ. ಕೈ ಪೂರ್ತಿ ಬಂದಿತ್ತು, ಬರಬೇಕಾದ ಕಾಲಕ್ಕೆ ಬರದೆ, ಕೊಟ್ಟು ಕಳಿಸುವ ಹೊತ್ತಿಗೆ ಬಂದಿತ್ತು. ಖುಷಿಯೇನೂ ಆಗಲಿಲ್ಲ. ಈ ಹೊತ್ತಿಗೆ ಬಸ್ಸು ಎಲ್ಲಿಗೆ ಹೋಗಿರಬಹುದು, ಮಗು ಬೀಗಿತ್ತಿಯ ಯಾವ ಕೈ ಮೇಲೆ ಮಲಗಿರಬಹುದು ಎಂದು ಯೋಚಿಸುತ್ತಾ ಊರಿಗೆ ಬಂದೆ.